ಗೌನಿನ ಬೆನ್ನಿನ ಚೀಲ

ಮಾರ್ಚ್ 2, ಮಧ್ಯಾಹ್ನ

ವಕೀಲರ ಎರಡು ಗೌನು ಇಸ್ತ್ರಿ ಆಯಿತು. ಮೂರನೆಯದರ ಭುಜದ ನೆರಿಗೆ ಬಾಕಿ. ದಾರ ತರಬೇಕು. ಕಪ್ಪು ಬಿಟ್ಟರೆ ಈ ಅಂಗಡಿಯಲ್ಲಿ ಬೇರೆ ಬಣ್ಣದ ದಾರ ಇದ್ದದ್ದಾದರೂ ಯಾವಾಗ!

ಮಗಳು ಲಾ ಪಾಸು. ತಿಂಗಳ ಕೊನೆಗೆ ಕೋರ್ಟಿನಲ್ಲಿ ಪ್ರಮಾಣವಚನ, ಆಮೇಲೆ ವಕೀಲೆ. ಅವಳ ಗೌನು ಹೋದ ವರ್ಷವೇ ಹೊಲಿದು ಬೀರುವಿನಲ್ಲಿ ಬಚ್ಚಿಟ್ಟಿದ್ದೇನೆ. ಹೆಂಡತಿಗೂ ಹೇಳಿಲ್ಲ... ಹೇಳಿದರೆ ಬೀದಿಗೆಲ್ಲ ಡಂಗುರ.

ಮಾರ್ಚ್ 5

ಪೇಪರಿನಲ್ಲಿ ಬಂದಿದೆ. ಇನ್ನು ಕೋರ್ಟಿನಲ್ಲಿ ಗೌನು ಬೇಡವಂತೆ. ಪರದೇಶದವರು ಆಳುವಾಗ ಹೇರಿದ ವೇಷ, ಅವರು ಹೋದರೂ ನಾವು ಬೆವರುತ್ತ ಹೊತ್ತಿದ್ದೇವೆ ಎಂದು. ಅದನ್ನು ಇಳಿಸುವುದಕ್ಕೊಂದು ಹೆಸರು— ನಿರ್ವಸಾಹತೀಕರಣ. ಓದಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟಿತು. ಕೆಳಗೆ ಫೋಟೊ: ಗೌನು ಬೇಡವೆಂದು ಅರ್ಜಿ ಕೊಟ್ಟ ವಿದ್ಯಾರ್ಥಿಗಳು. ಮುಂದಿನ ಸಾಲಿನಲ್ಲೇ ನನ್ನ ಮಗಳು!

ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಸಂಕಟ.

ಮಾರ್ಚ್ 6, ಬೆಳಿಗ್ಗೆ

ಕೇಳಿಯೇಬಿಟ್ಟೆ. "ಏನಮ್ಮ ಆ ಉದ್ದದ ಮಾತು? ಅಪ್ಪನ ಅಂಗಡಿ ಮುಚ್ಚಿಸೋದು ಅಂತಲಾ?"

ತಟ್ಟೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಪಕ್ಕ ಕೂತಳು. "ಅಲ್ಲಪ್ಪ. ಆಳೋರು ಎದ್ದು ಹೋದ್ರು. ಅವರು ಹೇಳಿದ್ದನ್ನ ನಾವು ಯಾಕೆ ಅಂತ ಕೇಳದೆ ಮಾಡ್ತಾನೇ ಇದ್ದೀವಿ. ಒಂದ್ಸಲ ನಿಂತು ಕೇಳೋದು. ಬೇಕಾದ್ದು ಇಟ್ಕೊಳ್ಳೋದು, ಬೇಡದ್ದು ಬಿಡೋದು. ಗೌನಿನ ಬೆನ್ನಿಗೆ ಪುಟ್ಟ ಚೀಲ ಹೊಲೀತೀಯಲ್ಲ, ಅದು ಯಾಕೆ?"

ನನ್ನ ಗುರುಗಳು ಹೊಲಿದರು, ನಾನೂ ಹೊಲಿದೆ. ಯಾವ ವಕೀಲರೂ ಅದಕ್ಕೆ ಕೈ ಹಾಕಿದ್ದು ನೋಡಿಲ್ಲ.

ಒಳಗಿಂದ ಹೆಂಡತಿ: "ರೀ, ಆ ಕಿಟಕಿ ಪಕ್ಕದ ಕುರ್ಚಿಗೂ ಅದನ್ನೇ ಮಾಡ್ಸಿ. ಮದುವೆ ಆದಾಗಿಂದ ನಿಮ್ಮದೇ ಆಳ್ವಿಕೆ!"

ನಗು ಬಂತು. ಹಟಕ್ಕೆ ನಗಲಿಲ್ಲ.

ಮಾರ್ಚ್ 17

ಬರೆಯಲು ಮನಸ್ಸಿರಲಿಲ್ಲ. ಗೌನು ಕೇಳಿಕೊಂಡು ಯಾರೂ ಬರುತ್ತಿಲ್ಲ. ಇವತ್ತು ಮಗಳು ಅಂಗಡಿಗೆ ಬಂದಳು.

"ಅಪ್ಪ, ಪ್ರಮಾಣದ ದಿನಕ್ಕೆ ಒಂದು ಮೇಲಂಗಿ ಹೊಲ್ಕೊಡ್ತೀಯಾ? ನೀನು ಹೊಲಿದದ್ದೇ ಹಾಕ್ಕೋಬೇಕು ನಾನು."

"ಯಾವ ಮಾದರಿ?"

"ನಿಂಗೆ ತೋಚಿದ್ದು."

ಕತ್ತರಿ ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಗುರುಗಳು ಕೊಟ್ಟ ಮಾದರಿ ಕಾಗದದ ಸುತ್ತ ಚಾಕ್ ಎಳೆದು ಬದುಕಿದವನು. ನನಗೆ ತೋಚಿದ್ದು ಅಂದರೆ ಏನು? ಹೆದರಿಕೆಯಾಯಿತು, ಸುಳ್ಳೇಕೆ.

ಕೊನೆಗೆ ಟೇಪು ತೆಗೆದೆ. ಗೌನಿಗೆ ಅಳತೆ ಬೇಕಿರಲಿಲ್ಲ— ಚಿಕ್ಕದು, ದೊಡ್ಡದು, ಅಷ್ಟೇ. ಅವಳ ಎಡಭುಜ ಒಂದು ಚೂರು ಇಳಿದಿದೆ. ಪುಸ್ತಕದ ಚೀಲ ಹೊತ್ತು ಹೊತ್ತು. ಯಾವಾಗಿನಿಂದ ಹೀಗಿದೆಯೋ! ಗೌನು ಹಾಕಿದ್ದರೆ ಮುಚ್ಚಿಹೋಗುತ್ತಿತ್ತು, ನನಗೆ ಗೊತ್ತೇ ಆಗುತ್ತಿರಲಿಲ್ಲ. ಕಣ್ಣು ತುಂಬಿತು. "ಧೂಳು" ಅಂದೆ. "ಹೂಂ, ಧೂಳು" ಅಂದಳು, ಮೂಗು ಒರೆಸಿಕೊಳ್ಳುತ್ತ.

ಮಾರ್ಚ್ 24

ಬಚ್ಚಿಟ್ಟ ಗೌನಿನ ಹೊಲಿಗೆ ಬಿಚ್ಚಿ, ಅದೇ ಬಟ್ಟೆಯಲ್ಲಿ ಮೇಲಂಗಿ ಕತ್ತರಿಸಿದೆ. ಅಷ್ಟು ಒಳ್ಳೆಯ ಬಟ್ಟೆ ಯಾಕೆ ಹಾಳಾಗಬೇಕು? ಕಚ್ಚಾ ಹೊಲಿಗೆ ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ಕೊನೆಗೂ ಕೂತಿತು. ಎಡಭುಜಕ್ಕೆ ಒಳಗೊಂದು ಪದರ ಹೆಚ್ಚು. ಗುಂಡಿಯ ಕಾಜಕ್ಕೆ ಹಳದಿ ದಾರ ತಂದೆ, ಅವಳಿಗೆ ಇಷ್ಟದ ಬಣ್ಣ. ಅಂಗಡಿ ಎದುರಿನ ಕೋರ್ಟಿನ ಒಬ್ಬ ವಕೀಲರು ನೋಡಿ, "ನನಗೂ ಅಳತೆ ತಗೊಳ್ಳಿ" ಅಂದರು!

ಬೆನ್ನಿನ ಚೀಲ ಮಿಕ್ಕಿತ್ತು. ಬಿಸಾಡಲು ಕೈ ಬರಲಿಲ್ಲ. ಎದೆಯ ಒಳಬದಿಗೆ ಹೊಲಿದೆ.

ಮಾರ್ಚ್ 30, ಬೆಳಿಗ್ಗೆ ಏಳು

ಹಾಕಿಕೊಂಡಳು. ಭುಜ ಸರಿಯಾಗಿ ಕೂತಿದೆ. ಕನ್ನಡಿ ಬಿಟ್ಟು ನನ್ನನ್ನೇ ನೋಡಿದಳು. ಒಳಗೆ ಕೈ ಹಾಕಿ, "ಅಪ್ಪ, ಚೀಲ! ಇದು ಯಾಕೆ?"

"ಪೆನ್ನಿಗೆ" ಅಂದೆ. ಈ ಸಲ ಉತ್ತರ ಇತ್ತು.

ತಾಯಿ ಮಗಳು ಹೊರಟು ನಿಂತಿದ್ದಾರೆ. ನಾನೂ ನಿಂತೇ ಬರೆಯುತ್ತಿದ್ದೇನೆ. ಬಾಗಿಲಿಂದ ಕೂಗುತ್ತಿದ್ದಾಳೆ— "ಚೀಲ ಕೊಟ್ಟೆ, ಪೆನ್ನು ಎಲ್ಲಪ್ಪ? ಸಹಿ ಹಾಕ್ಬೇಕು!" ಅವಳ ಪೆನ್ನುಗಳೆಲ್ಲ ಪರೀಕ್ಷೆಯಲ್ಲೇ ಒಣಗಿಹೋದವಂತೆ. ಮನೆಯಲ್ಲಿ ಬರೆಯುವ ಪೆನ್ನು ನನ್ನ ಕೈಲಿರುವ ಇದೊಂದೇ. ಬಂದೆ ಮಗಳೇ, ಈ ಒಂದು ಸಾಲು