ಗಂಟು ಬಿದ್ದ ಪೈನ್ ಸಸಿಗಳು

ಮೇ ೧೪, ಮಂಗಳವಾರ

ಎಡಗೈ ಎತ್ತಲಾಗುತ್ತಿಲ್ಲ. ಅಣ್ಣ ಕೊಡಲಿಯ ಕಾವಿನಿಂದ ಹೊಡೆದದ್ದು ಮೊಣಕೈಗೆ ಬಿತ್ತು. ಅವನು ತಲೆಗೇ ಗುರಿಯಿಟ್ಟಿದ್ದನೋ ಏನೋ.

ಅವನ ಸಸಿ ನರ್ಸರಿಯ ತಪಾಸಣೆಗೆ ಅರಣ್ಯ ಇಲಾಖೆಯವರು ನನ್ನನ್ನೇ ಕಳಿಸಬೇಕಿತ್ತೇ? ಹಿಂಭಾಗದಲ್ಲಿ, ಟಾರ್ಪಾಲಿನಡಿ ನಾನೂರು ಪೈನ್ ಸಸಿಗಳನ್ನು ಬಚ್ಚಿಟ್ಟಿದ್ದ. ಒಂದೊಂದರ ಕಾಂಡದಲ್ಲೂ ನೆಲ್ಲಿಕಾಯಿ ಗಾತ್ರದ ಗಂಟು. ಉಗುರಿನಿಂದ ಕೆರೆದರೆ ಕಿತ್ತಳೆ ಬಣ್ಣದ ಪುಡಿ ಉದುರಿತು. ಅದು ಶಿಲೀಂಧ್ರದ ಪುಡಿ; ಗಾಳಿ ಹಿಡಿದರೆ ಗುಡ್ಡದ ಪೈನ್ ಮರಗಳಿಗೂ ರೋಗ ಹತ್ತುತ್ತದೆ.

"ಇವತ್ತೇ ಸುಡಬೇಕು ಅಣ್ಣಾ," ಅಂದೆ.

"ನಾಲ್ಕು ವರ್ಷ ಬೆವರು ಸುರಿಸಿದೀನಿ ಕಣೇ. ನಾಳೆ ಸಸಿ ಒಯ್ಯೋಕೆ ಲಾರಿ ಬರತ್ತೆ. ನೀನೇನೂ ನೋಡಿಲ್ಲ, ಹೋಗು."

"ನೋಡಿಬಿಟ್ಟೆನಲ್ಲ."

ಆಗಲೇ ಹೊಡೆದ. ನಾನು ಬಿದ್ದಲ್ಲಿಂದಲೇ ಪಕ್ಕದಲ್ಲಿದ್ದ ಡೀಸೆಲ್ ಕ್ಯಾನ್ ಎಳೆದು ಸಸಿಗಳ ಮೇಲೆ ಉರುಳಿಸಿ ಕಡ್ಡಿ ಗೀರಿದೆ. ಅವನು ಜುಟ್ಟು ಹಿಡಿದು ದರದರ ಎಳೆದ. ಅವನ ಮಣಿಕಟ್ಟನ್ನು ರಕ್ತ ಬರುವವರೆಗೆ ಕಚ್ಚಿದೆ.

ಅತ್ತಿಗೆ ನೀರಿನ ಪೈಪು ಹಿಡಿದು ಓಡಿ ಬಂದರು. "ಬೆಂಕಿಗೆ ಬಿಡೇ ನೀರು!" ಎಂದು ಅಣ್ಣ ಅರಚಿದ. ಅತ್ತಿಗೆ ಬೆಂಕಿಯತ್ತ ತಿರುಗಲೇ ಇಲ್ಲ. ನೀರನ್ನು ಅವನ ಮುಖಕ್ಕೇ ಬಿಟ್ಟರು.

"ತಂಗೀನ ಕೊಲ್ತೀರೇನ್ರೀ?"

ಅವನು ಕೈಬಿಟ್ಟ. ನಾನೂರೂ ಉರಿದು ಮುಗಿಯುವವರೆಗೆ ಮೂವರೂ ಅಲ್ಲೇ ನಿಂತೆವು.

ವರದಿಯಲ್ಲಿ "ಮಾಲೀಕರು ಸಹಕರಿಸಿದರು" ಎಂದು ಬರೆದಿದ್ದೇನೆ. ಸುಟ್ಟದ್ದಕ್ಕೆ ಬೇಸರವಿಲ್ಲ, ಬೇಕಿದ್ದರೆ ನಾಳೆಯೂ ಸುಡುತ್ತೇನೆ. ಆದರೆ ಹಲ್ಲು ಅವನ ಚರ್ಮದೊಳಗೆ ಇಳಿದಾಗ ನನಗೆ ಖುಷಿಯಾಯಿತು. ಒಡಹುಟ್ಟಿದವನು. ಬಿಡಬೇಕೆಂದೇ ಅನಿಸಲಿಲ್ಲ. ಇನ್ನೂ ಒತ್ತಿ ಕಚ್ಚಿದೆ.