ಆರು ವಾರದ ರೊಟ್ಟಿ

೧೧ ಫೆಬ್ರವರಿ ೧೯೦೮
ಬಡವರ ನೆರವಿನ ಬೋರ್ಡಿನ ಪರವಾಗಿ ಬೆಳಿಗ್ಗೆಯಿಂದ ಒಂಬತ್ತು ಮನೆ ವಿಚಾರಿಸಿದ್ದಾಯಿತು. ಕಾಲುಚೀಲ ಒದ್ದೆ. ಕೊನೆಯದು ಗಿರಣಿಯ ಹಿಂದಿನ ಬೀದಿ. ಹೆಪ್ಜಿಬಾ ಥ್ವೇಟ್, ಎಪ್ಪತ್ತೆರಡು. ನಲವತ್ತೊಂಬತ್ತು ವರ್ಷ ಮಗ್ಗದ ಮುಂದೆ ನಿಂತವಳು. ಎದೆ ತುಂಬ ಕಫ, ಒಲೆಯಲ್ಲಿ ಬೂದಿ. ಹೇಳಿ ಕಳಿಸಿದ್ದು ಪಕ್ಕದ ಮನೆಯವರು, ಅವಳಲ್ಲ.
"ಬೋರ್ಡಿನ ರೊಟ್ಟಿ ನಂಗ್ಬೇಡಪ್ಪ. ಇಲ್ಲೀತನಕ ಮುಟ್ಟಿಲ್ಲ."
"ಕಾಲ ಬದಲಾಗಿದೆ ಅಮ್ಮ. ಬಡತನ ತಪ್ಪಲ್ಲ ಅಂತ ಈಗ ಪಾರ್ಲಿಮೆಂಟಲ್ಲೇ ಮಾತಾಡ್ತಾರೆ."
"ಅವ್ರು ಮಾತಾಡ್ಲಿ. ಈ ಬೀದಿಯೋರು ಏನಂತಾರೆ ಹೇಳು."
ಒಂದು ಗಂಟೆ ಕೂತು ಒಪ್ಪಿಸಿದೆ. ಔಷಧಿ, ಆರು ವಾರ ರೊಟ್ಟಿ, ಕಲ್ಲಿದ್ದಲು ಬರೆದುಕೊಟ್ಟೆ. ಖುಷಿಯಲ್ಲಿ ಮನೆಗೆ ಬಂದೆ.

೨೬ ಮಾರ್ಚ್
ಹೆಪ್ಜಿಬಾ ಎದ್ದು ಓಡಾಡುತ್ತಿದ್ದಾಳೆ. ಚಹಾ ಕೊಟ್ಟಳು. ಬೋರ್ಡಿನ ಸಭೆಯಲ್ಲಿ ಅಧ್ಯಕ್ಷ ಓಲ್ಡ್‌ರಾಯ್ಡ್ ಚುಚ್ಚಿದರು: "ಸಗ್ಡನ್, ಹೀಗೆ ಹಂಚ್ತಾ ಹೋದ್ರೆ ಊರಲ್ಲಿ ದುಡಿಯೋರೇ ಇರಲ್ಲ." ಹಳೆಯ ಕಾಲದವರು.

೩ ಆಗಸ್ಟ್
ಪಿಂಚಣಿ ಕಾನೂನು ಪಾಸಾಯಿತು! ಎಪ್ಪತ್ತು ದಾಟಿದವರಿಗೆ ವಾರಕ್ಕೆ ಐದು ಶಿಲಿಂಗ್, ಜನವರಿಯಿಂದ. ಪತ್ರಿಕೆ ಹಿಡಿದೇ ಅವಳ ಮನೆಗೆ ಹೋದೆ.
"ಭಿಕ್ಷೆ ಅಲ್ಲ ತಾನೆ?"
"ಅಲ್ಲ ಅಮ್ಮ. ಹಕ್ಕು."
ಆ ಪದವನ್ನು ಎರಡು ಸಲ ಹೇಳಿಸಿದಳು.

೫ ಆಗಸ್ಟ್
ಕಾನೂನಿನ ಪೂರ್ತಿ ಪ್ರತಿ ಆಫೀಸಿಗೆ ಬಂತು. ಈ ವರ್ಷದ ಜನವರಿ ಒಂದರಿಂದೀಚೆಗೆ ಬೋರ್ಡಿನ ನೆರವು ಪಡೆದವರಿಗೆ ಪಿಂಚಣಿ ಇಲ್ಲ. ೧೯೧೦ ಮುಗಿಯುವ ತನಕ ಇಲ್ಲ. ಬರೀ ಔಷಧಿ ಪಡೆದಿದ್ದರೆ ಅಡ್ಡಿಯಿಲ್ಲ. ರೊಟ್ಟಿ ಪಡೆದಿದ್ದರೆ...
ನಾನು ಹೆಪ್ಜಿಬಾಗೆ ರೊಟ್ಟಿಯನ್ನೂ ಬರೆದುಕೊಟ್ಟಿದ್ದೆ.

೧೯ ಅಕ್ಟೋಬರ್
ಪಿಂಚಣಿ ಅಧಿಕಾರಿ ನೆರವು ಪಡೆದವರ ಪಟ್ಟಿ ಕೇಳಿದರು. ನಕಲು ಮಾಡಿಕೊಟ್ಟೆ. ಹೆಪ್ಜಿಬಾಳ ಹೆಸರು ಬಿಟ್ಟೆ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಮೊದಲ ಸುಳ್ಳು. ಅವಳಿಗೆ ಹೇಳಲು ಧೈರ್ಯವಾಗಲಿಲ್ಲ — ಸುಳ್ಳಿಗೆ ಅವಳು ಒಪ್ಪುವವಳಲ್ಲ.

೨೪ ನವೆಂಬರ್
ಪಿಂಚಣಿ ಸಮಿತಿಗೂ ಓಲ್ಡ್‌ರಾಯ್ಡರೇ ಅಧ್ಯಕ್ಷರು. ನಾನು ಮೂಲೆಯಲ್ಲಿ. ಹೆಪ್ಜಿಬಾ ಯಾರದೋ ಟೋಪಿ ಎರವಲು ತಂದು ಹಾಕಿಕೊಂಡಿದ್ದಳು.
"ಈ ವರ್ಷ ಬೋರ್ಡಿಂದ ಏನಾದ್ರೂ ತಗೊಂಡಿದೀಯೇನಮ್ಮ?"
ಅವಳು ನನ್ನನ್ನು ನೋಡಿ ನಕ್ಕಳು. "ತಗೊಂಡಿದೀನಿ ಸ್ವಾಮಿ. ಆರು ವಾರ ರೊಟ್ಟಿ. ಇವ್ರೇ ಕೊಟ್ಟಿದ್ದು. ಇವ್ರಿಲ್ದಿದ್ರೆ ನಾನಿರ್ತಿರ್ಲಿಲ್ಲ."
ಓಲ್ಡ್‌ರಾಯ್ಡ್ ಪಟ್ಟಿ ತಿರುವಿದರು. "ಇದರಲ್ಲಿ ಇಲ್ವಲ್ಲ, ಸಗ್ಡನ್?"
"ಕಣ್ತಪ್ಪು, ಸಾರ್."
ಅಷ್ಟೇ ಅಂದೆ. ತಪ್ಪು ನನ್ನದು, ಒತ್ತಾಯ ಮಾಡಿದ್ದು ನಾನು ಎನ್ನಬಹುದಿತ್ತು. ಅವರೇ ಅವಳ ಹೆಸರು ಸೇರಿಸಿದರು. ಅರ್ಜಿ ವಜಾ.
ಹೊರಗೆ ಬಂದು ಕೇಳಿದಳು: "ನಾನೇನ್ ತಪ್ಪು ಹೇಳ್ದೆ?"
ವಿವರಿಸಿದೆ. ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ಆವಾಗ್ಲೇ ಹೋಗ್ಬಿಡ್ಬೇಕಿತ್ತು ನಾನು. ನೀನ್ಯಾಕ್ ಬಂದೆ?"

೧ ಜನವರಿ ೧೯೦೯
ಅಂಚೆ ಕಚೇರಿ ಮುಂದೆ ಮುದುಕರ ಸಾಲು. ಕೆಲವರು ಅಳುತ್ತಿದ್ದರು. ಓಲ್ಡ್‌ರಾಯ್ಡ್ ಒಬ್ಬೊಬ್ಬರ ಕೈ ಕುಲುಕುತ್ತ, "ಇದು ದಾನ ಅಲ್ರಪ್ಪ, ನಿಮ್ಮ ಹಕ್ಕು" ಎನ್ನುತ್ತಿದ್ದರು. ನನಗೂ ಶುಭಾಶಯ ಹೇಳಿದರು. ನಾನೂ ಹೇಳಿದೆ.
ಹೆಪ್ಜಿಬಾ ನಾನು ತಟ್ಟಿದರೆ ಬಾಗಿಲು ತೆರೆಯುವುದಿಲ್ಲ.

೯ ಫೆಬ್ರವರಿ
ಬಾಡಿಗೆ ಬಾಕಿ, ಹೆಪ್ಜಿಬಾಳ ಮನೆ ಹೋಯಿತು. ನೆರವಿಗೆ ಅವಳೇ ಬಂದು ಕೇಳಿದಳು, ನೆಲ ನೋಡುತ್ತ. ಮನೆಯಿಲ್ಲದವಳು ನಿರ್ಗತಿಕರನ್ನು ಇಡುವ ಬಡವರ ಆಲಯಕ್ಕೆ ಸೇರಲಿ ಎಂದಿತು ಬೋರ್ಡು. ಸೇರಿಸುವ ಚೀಟಿ ಬರೆಯುವುದು ನನ್ನ ಕೆಲಸ. ಬರೆದೆ.

೧೦ ಫೆಬ್ರವರಿ
ಗಾಡಿ ಬೇಡವೆಂದಳು. ನಡೆದೇ ಹೋದೆವು. ಆಲಯದಲ್ಲಿ ಅವಳ ಶಾಲು ತೆಗೆದುಕೊಂಡು ನೀಲಿ ಪಟ್ಟೆಯ ಅಂಗಿ ಕೊಟ್ಟರು. ಅಲ್ಲಿನ ಮೇಲ್ವಿಚಾರಕಿ ಮೇಟ್ರನ್ ವಯಸ್ಸು ಕೇಳಿದಳು, ಯಾವ ಚರ್ಚು ಎಂದು ಕೇಳಿದಳು.
"ಸತ್ರೆ ಯಾರಿಗೆ ತಿಳಿಸ್ಬೇಕು?"
ಹೆಪ್ಜಿಬಾಗೆ ಯಾರೂ ಇಲ್ಲ. ನನ್ನ ಕಡೆ ತಿರುಗಿದಳು. "ನಿನ್ ಹೆಸ್ರು ಬರೆಸ್ಲೇನಪ್ಪ?"
ಮೇಟ್ರನ್ ಲೇಖನಿ ಹಿಡಿದು ಕಾದಳು. ನಾನು ಬೋರ್ಡಿನ ನೌಕರ, ಇದು ಓಲ್ಡ್‌ರಾಯ್ಡ್ ಕಣ್ಣಿಗೆ ಬಿದ್ದರೆ ಎಂದು ಒಂದು ಕ್ಷಣ ಯೋಚಿಸಿದೆ. ಒಂದೇ ಕ್ಷಣ. ಅಷ್ಟರಲ್ಲಿ ಅವಳೇ "ಯಾರೂ ಇಲ್ಲ ಅಂತ ಬರ್ಕೊಳ್ಳಿ" ಅಂದಳು. ನಾನು ಆಗ ನನ್ನ ಹೆಸರು ಹೇಳಿದೆ; ಮೇಟ್ರನ್ ಅಷ್ಟರಲ್ಲಿ ಬರೆದು ಪುಸ್ತಕ ಮುಚ್ಚಿದ್ದಳು.