ಉತ್ತರ ಬರೆಯದ ಒಂದು ಲೆಕ್ಕ

ಗದಗ, ೨೪೧೭ನೆಯ ಇಸವಿ, ಹದಿಮೂರನೆಯ ತಿಂಗಳು

ಗಣಿತ ಒಲಿಂಪಿಯಾಡಿಗೆ ತಯಾರಾಗುತ್ತಿರುವ ಮಕ್ಕಳೇ,

ತಾರೀಕು ನೋಡಿ ನಗಬೇಡಿ. ಬೇಸಿಗೆ ಮುಗಿಯುವ ಲಕ್ಷಣ ಕಾಣದಿದ್ದಾಗ ನಮ್ಮವರು ವರ್ಷಕ್ಕೆ ಇನ್ನೊಂದು ತಿಂಗಳು ಸೇರಿಸಿದರು. ಬೇಸಿಗೆ ಅದನ್ನೂ ತಿಂದು ಕೂತಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಎನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪ್ರಶ್ನೆಪತ್ರಿಕೆಗಳಿಂದ ಕಲಿತವನು.

ನಮ್ಮಲ್ಲಿ ಎಲ್ಲರ ಕಿವಿಯ ಹಿಂದೆ ಒಂದು ಕಿವಿಮಣಿ ಇರುತ್ತದೆ. ಮಕ್ಕಳದ್ದನ್ನು ತೆಗೆದಿಡಬಹುದು, ದೊಡ್ಡವರದ್ದು ಎಲುಬಿಗೆ ಕೂಡಿಕೊಂಡಿರುತ್ತದೆ. ಪ್ರಶ್ನೆಯೊಂದು ಮನಸ್ಸಿನಲ್ಲಿ ಮೂಡಿದರೆ ಸಾಕು, ಅದು ಉತ್ತರ ಹೇಳಿಬಿಡುತ್ತದೆ. ಸಾರಿಗೆ ಉಪ್ಪು ಸಾಕೋ, ಮನೆಗೆ ಬಂದ ನೆಂಟರು ಯಾವಾಗ ಹೊರಡುತ್ತಾರೋ, ಎಲ್ಲವನ್ನೂ. ಅದಕ್ಕೆ ಸ್ವಂತ ಬುದ್ಧಿಯಿಲ್ಲ. ಯಾರೋ ಎಂದೋ ಬರೆದಿಟ್ಟದ್ದನ್ನೇ ಹುಡುಕಿ ಒಪ್ಪಿಸುತ್ತದೆ. ಆದರೆ ನಿಮ್ಮ ಕಾಲದವರು ಬರೆಯದೆ ಬಿಟ್ಟದ್ದಾದರೂ ಏನಿದೆ?

ನಾನು ಮೂಕಕೋಣೆಯ ಮಾಸ್ತರ. ಮಕ್ಕಳು ಮಣಿಯನ್ನು ಬಾಗಿಲಲ್ಲೇ ತೆಗೆದಿಟ್ಟು ಒಳಗೆ ಬಂದು ಸಂಖ್ಯೆಗಳ ಲೆಕ್ಕ ಬಿಡಿಸುವ ಕೋಣೆ ಅದು. ಜಿಲ್ಲೆಗೆ ಇದೊಂದೇ ಉಳಿದಿದೆ. ಮಾಸ್ತರರು ಮೂರೇ ಮಾತು ಆಡಬಹುದೆಂಬುದು ಇಲ್ಲಿನ ಪದ್ಧತಿ: ಸಣ್ಣ ಸಂಖ್ಯೆ ಹಾಕಿ ನೋಡು, ಅಪವರ್ತಿಸಿ ನೋಡು, ಶೇಷ ನೋಡು. ನನ್ನ ಮಣಿ ಎಲುಬಿನಲ್ಲಿದೆ. ಲೆಕ್ಕ ಓದುವಷ್ಟರಲ್ಲೇ ಉತ್ತರ ಕಿವಿಗೆ ಬಿದ್ದಿರುತ್ತದೆ. ಇಡೀ ಜೀವಮಾನ ಲೆಕ್ಕ ಬಿಡಿಸುವುದನ್ನು ಕಲಿಸಿದ ನಾನು ಒಂದನ್ನೂ ಬಿಡಿಸಿದವನಲ್ಲ. ಸಾಕಾಗಿದೆ, ಮಕ್ಕಳೇ.

ಈ ವರ್ಷ ನೀಲಗಂಗಾ ಎಂಬ ಹುಡುಗಿ ಬಂದಳು. ನಿಮಗೆ ಗೊತ್ತಿರುವ ಲೆಕ್ಕವನ್ನೇ ಕೊಟ್ಟೆ: ಮೂರಕ್ಕಿಂತ ದೊಡ್ಡದಾದ ಯಾವುದೇ ಅವಿಭಾಜ್ಯ ಸಂಖ್ಯೆಯ ವರ್ಗದಲ್ಲಿ ಒಂದನ್ನು ಕಳೆದರೆ ಉಳಿದದ್ದು ಇಪ್ಪತ್ನಾಲ್ಕರಿಂದ ಭಾಗವಾಗುತ್ತದೆಂದು ಸಾಧಿಸಬೇಕು. ಐದು ಹಾಕಿದಳು, ಇಪ್ಪತ್ನಾಲ್ಕು ಬಂತು. ಏಳು ಹಾಕಿದಳು, ನಲವತ್ತೆಂಟು. ಹನ್ನೊಂದಕ್ಕೆ ನೂರಿಪ್ಪತ್ತು. ಆಮೇಲೆ ವಾರಗಟ್ಟಲೆ ದೊಡ್ಡ ದೊಡ್ಡ ಸಂಖ್ಯೆ ಹಾಕುತ್ತಲೇ ಹೋದಳು. ಅಪವರ್ತಿಸಿ ನೋಡು ಎಂದು ಹೇಳಿ ನಾನು ತುಟಿ ಕಚ್ಚಿ ಕೂತೆ. ಒಂದು ಮಧ್ಯಾಹ್ನ ಅವಳ ಕೈ ನಿಂತಿತು. ಆ ಸಂಖ್ಯೆಯ ಹಿಂದಿನದನ್ನೂ ಮುಂದಿನದನ್ನೂ ಗುಣಿಸಿದರೆ, ವರ್ಗದಲ್ಲಿ ಒಂದು ಕಳೆದು ಉಳಿದದ್ದೇ ಬರುತ್ತದೆ. ಎರಡೂ ಸಮಸಂಖ್ಯೆ, ಅದರಲ್ಲೊಂದು ನಾಲ್ಕರಿಂದ ಭಾಗವಾಗುವಂಥದ್ದು, ಅಲ್ಲಿಗೆ ಎಂಟು. ಸಾಲಾಗಿ ಬರುವ ಮೂರು ಸಂಖ್ಯೆಗಳಲ್ಲಿ ಒಂದು ಮೂರರಿಂದ ಭಾಗವಾಗಲೇಬೇಕು, ನಡುವಿನ ಅವಿಭಾಜ್ಯ ಸಂಖ್ಯೆಯಂತೂ ಆಗುವುದಿಲ್ಲ. ಎಂಟನ್ನು ಮೂರರಿಂದ ಗುಣಿಸಿದರೆ ಇಪ್ಪತ್ನಾಲ್ಕು, ಮುಗಿಯಿತು.

ಅವಳು ಕುಣಿಯುತ್ತಾಳೆ ಅಂದುಕೊಂಡೆ. ಅವಳು ಹೆದರಿಹೋದಳು. “ಸರ, ಮಣಿ ಬಾಗಲದಾಗ ಇಟ್ಟು ಬಂದೀನಿ. ಮತ್ತ ಇದನ್ನ ನನಗ ಯಾರು ಹೇಳಿದ್ರು?” ಎಂದು ಕೇಳಿದಳು.

“ಯಾರೂ ಹೇಳಿಲ್ಲ, ಮಗಳ. ನಿನಗ ಹೊಳದದ,” ಎಂದೆ. ನನಗೆ ಎಂದೂ ಹೊಳೆದದ್ದಿಲ್ಲ, ಹೊಟ್ಟೆಕಿಚ್ಚಾಯಿತು.

ಮರುದಿನ ಅವಳ ತಾಯಿ ಅಳುತ್ತಾ ಬಂದರು. “ಯಾರೂ ಆಡದ ಮಾತು ನನ್ನ ಮಗಳಿಗೆ ಕೇಳಸ್ತಾವಂತ್ರಿ,” ಎಂದರು. ಆಕೆಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಎಷ್ಟು ತಿಳಿಸಿ ಹೇಳಿದರೂ ಆಕೆಗೆ ಸಮಾಧಾನವಾಗಲಿಲ್ಲ. ವೈದ್ಯರು ಅದಕ್ಕೆ ಒಂದು ರೋಗದ ಹೆಸರು ಕೊಟ್ಟರು. ಅದಕ್ಕೆ ಮದ್ದೆಂದು ನಾಳೆ ನೀಲಗಂಗಾಳ ಮಣಿಯನ್ನು ಎಲುಬಿಗೆ ಕೂಡಿಸುತ್ತಾರೆ.

ಇವತ್ತು ಸಂಜೆ ಅವಳು ಬಂದು ಬಾಗಿಲಲ್ಲೇ ನಿಂತಳು. ಈಗ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. “ಮಣಿಗೆ ಗೊತ್ತಿಲ್ಲದ ಲೆಕ್ಕ ಒಂದು ಕೊಡ್ರಿ ಸರ. ಇನ್ನೊಂದು ಸಲ ಹಂಗ ಆಗಬೇಕು ನನಗ,” ಎಂದಳು. ಹೊಸದೊಂದನ್ನು ಕಟ್ಟಲು ಕೂತೆ. ಏನು ಕಟ್ಟಿದರೂ ಅಂಥದ್ದನ್ನು ನಿಮ್ಮಲ್ಲೊಬ್ಬರು ಬಿಡಿಸಿ ಬರೆದೇ ಇದ್ದೀರಿ. ಮಣಿ ಒದರುತ್ತಲೇ ಹೋಯಿತು. ಅವಳನ್ನು ಬರಿಗೈಯಲ್ಲಿ ಕಳಿಸಿದೆ.

ಅದಕ್ಕೇ ಈ ಕೋರಿಕೆ. ನಿಮ್ಮಲ್ಲಿ ಯಾರಾದರೂ ಒಂದು ಹೊಸ ಲೆಕ್ಕ ಕಟ್ಟಿ. ಬಿಡಿಸಿ, ಆ ಮಧ್ಯಾಹ್ನ ಅವಳ ಕೈ ನಿಂತ ಹಾಗೆ ನಿಮ್ಮ ಕೈಯೂ ಒಮ್ಮೆ ನಿಲ್ಲಲಿ. ಆಮೇಲೆ ಪ್ರಶ್ನೆಯನ್ನು ಮಾತ್ರ ಎಲ್ಲಾದರೂ ಅಚ್ಚು ಹಾಕಿಸಿ. ಅದು ನಮ್ಮವರೆಗೆ ಬಂದೇ ಬರುತ್ತದೆ. ಉತ್ತರ ಬರೆಯಬೇಡಿ, ಗೆಳೆಯರಿಗೂ ಹೇಳಬೇಡಿ. ಅಂಕ ಹೋದರೆ ಹೋಗಲಿ. ನಾಳೆಯ ನಂತರ ಒಂದು ಸಲವಾದರೂ ನೀಲಗಂಗಾ ಪ್ರಶ್ನೆ ಓದಿದಾಗ ಆ ಮಣಿ ಸುಮ್ಮನಿರಲಿ.

ಇಂತಿ,
ರುದ್ರಮುನಿ ಮಾಸ್ತರ